ಎರಡು ಊರಿನ ಊಟದ ಬಿಲ್ಲೆ

ನನ್ನ ಓರಗಿತ್ತಿ ಔರಂಗಾಬಾದಿನ ಹೋಟೆಲನ್ನು ಬಿಟ್ಟು ನಾಸಿಕ್‌ಗೆ ಬಂದು ನನ್ನ ಜೊತೆ ಇರಬೇಕೆಂಬುದು ನನ್ನ ಬಹಳ ದಿನದ ಆಸೆಯಾಗಿತ್ತು. ಔರಂಗಾಬಾದ್ ಎಂದು ಬರೆದ ಕೂಡಲೇ ಮೊಮ್ಮಗಳು ತಿದ್ದುತ್ತಾಳೆ, "ಅಜ್ಜೀ, ಛತ್ರಪತಿ ಸಂಭಾಜಿನಗರ." ಸರಿ, ಸಂಭಾಜಿನಗರ. ಊರಿನ ಹೆಸರು ಬದಲಾದದ್ದು ನನ್ನ ತಲೆಗೆ ಗೊತ್ತು, ನಾಲಿಗೆಗೆ ಇನ್ನೂ ನೋಟಿಸ್ ತಲುಪಿಲ್ಲ.

ಮೈದುನ ತೀರಿಕೊಂಡ ಮೇಲೆ ಓರಗಿತ್ತಿ ಅಲ್ಲಿ ಒಬ್ಬಳೇ ಹೋಟೆಲ್ ನಡೆಸುತ್ತಿದ್ದಳು. ಮಕ್ಕಳಿಲ್ಲ. ಮಲಗುವುದು ಹೋಟೆಲಿನ ಮೇಲಿನ ಕೋಣೆಯಲ್ಲಿ. ಅಲ್ಲಿಗೆ ಹತ್ತಲು ಇದ್ದ ಕಬ್ಬಿಣದ ಮೆಟ್ಟಿಲು ಎಷ್ಟು ಸ್ಟೀಪ್ ಎಂದರೆ ನಾನು ಹೋದಾಗಲೆಲ್ಲ ಹೇಲ್ ಮೇರಿ ಪ್ರಾರ್ಥನೆ ಹೇಳಿಕೊಂಡೇ ಹತ್ತುತ್ತಿದ್ದೆ. ಅದು ಮಂಗಳೂರಿನ ಕಾನ್ವೆಂಟಿನಲ್ಲಿ ಅಂಟಿದ ಅಭ್ಯಾಸ. ದೀಪ ಹಚ್ಚುವಾಗ ನಮ್ಮ ಮನೆದೇವರು ನೆನಪಾಗುತ್ತಾನೆ, ಹೆದರಿಕೆಯಾದಾಗ ಮಾತ್ರ ಸಿಸ್ಟರ್‌ಗಳು ಕಲಿಸಿದ್ದು ಬಾಯಿಗೆ ಬರುತ್ತದೆ. ಓರಗಿತ್ತಿಯ ಎರಡೂ ಮಂಡಿ ಸವೆದಿದ್ದವು. ಇನ್ನು ಮೆಟ್ಟಿಲು ಹತ್ತಬಾರದು, ದಿನವಿಡೀ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಆಕೆ ಡಾಕ್ಟರಿಗೆ ಹೂಂ ಎಂದು, ಹೋಟೆಲಿಗೆ ಬಂದು, ಸಂಜೆಯವರೆಗೆ ನಿಂತೇ ಇದ್ದಳಂತೆ.

ನಾವಿಬ್ಬರೂ ಮದುವೆಯಾಗಿ ನಾಸಿಕ್‌ಗೆ ಬಂದದ್ದು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಅಲ್ಲಿ ಗಂಡನ ಮನೆಯವರ ಹೋಟೆಲು, ಅದರ ಹಿಂದೆಯೇ ಮನೆ. ಗೋಡೆಯ ಆಚೆ ದೋಸೆಯ ಸದ್ದು, ಈಚೆ ನಮ್ಮ ಸದ್ದು. ಆಕೆ ಉಡುಪಿಯ ಹತ್ತಿರದ ಹಳ್ಳಿಯವಳು, ಕನ್ನಡ ಶಾಲೆ. ನಾನು ಪಿನಾಫೋರ್ ಹಾಕಿ ಮಾರ್ಚ್‌ಪಾಸ್ಟ್ ಮಾಡಿದವಳು. ಹಿಟ್ಟಿಗೆ ಎಷ್ಟು ನೀರು ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ಆಕೆ ಅತ್ತೆಗೆ ಕಾಣದಂತೆ ಹೇಳಿಕೊಟ್ಟಳು. ನಾನು ಅದಕ್ಕೆ ಪ್ರತಿಯಾಗಿ ಇಂಗ್ಲಿಷ್ ಮ್ಯಾಗಜೀನಿನ ಸೀರಿಯಲ್ ಕತೆಗಳನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಆಕೆ ಕೊತ್ತಂಬರಿ ಸೋಸುತ್ತಾ ಕೇಳುತ್ತಿದ್ದಳು. ಕತೆಯಲ್ಲಿ ಲಾರ್ಡ್‌ನ ಮಗಳು ತೋಟಗಾರನ ಜೊತೆ ಓಡಿಹೋದಾಗ, "ಅವಳ ತಾಯಿಗೆ ಕಣ್ಣು ಕಾಣುವುದಿಲ್ಲವಾ ಮಾರಾಯ್ತಿ?" ಎಂದು ಸಿಟ್ಟಾಗುತ್ತಿದ್ದಳು. ಮುಂದಿನ ಸಂಚಿಕೆ ಬರುವ ತನಕ ಆ ತಾಯಿಯನ್ನು ಬೈಯುತ್ತಲೇ ಇರುತ್ತಿದ್ದಳು. ಓಣಿಯೆಲ್ಲ ಮರಾಠಿ. ನಮ್ಮಿಬ್ಬರ ಅಡುಗೆಮನೆ ಮಾತ್ರ ಕನ್ನಡ. ಆಮೇಲೆ ಮೈದುನ ಆ ಊರಿನಲ್ಲಿ ಬೇರೆ ಹೋಟೆಲ್ ತೆರೆದ, ಆಕೆ ಹೋದಳು. ನನ್ನ ಕನ್ನಡಕ್ಕೆ ನಾಸಿಕ್‌ನಲ್ಲಿ ಜಾಗ ಕಡಿಮೆಯಾಗುತ್ತ ಬಂತು. ಈಗ ಸೊಸೆ ಮರಾಠಿಯವಳು, ಒಳ್ಳೆಯವಳು. ಮಗನ ಕನ್ನಡದಲ್ಲಿ ಅರ್ಧ ಮರಾಠಿ. ಮೊಮ್ಮಗಳಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಇಲ್ಲವೇ ಇಂಗ್ಲಿಷ್ ಬೆರೆತ ಕನ್ನಡದಲ್ಲಿ. ಕನ್ನಡದಲ್ಲಿ ಬೈಸಿಕೊಳ್ಳಬೇಕೆಂದರೆ ನನಗೆ ಓರಗಿತ್ತಿಯೇ ಬೇಕು.

ಎರಡು ಹೋಟೆಲುಗಳಲ್ಲೂ ತಿಂಗಳೂಟದ ಪದ್ಧತಿ ಇತ್ತು, ಈಗಲೂ ಇದೆ. ನಾಸಿಕ್‌ನಲ್ಲಿ ಅಂಬಡ್‌ನ ಕಾರ್ಖಾನೆಗಳಿಗೆ ಬಂದ ಹುಡುಗರು ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ, ಅವರಿಗೆ ಅಡುಗೆಮನೆ ಇರುವುದಿಲ್ಲ. ತಿಂಗಳೂಟಕ್ಕೆ ಸೇರಿದವನಿಗೆ ಒಂದು ಅಲ್ಯುಮಿನಿಯಂ ಬಿಲ್ಲೆ, ಅದರ ಮೇಲೆ ನಂಬರು. ಕೌಂಟರಿನಲ್ಲಿ ಬಿಲ್ಲೆ ತೋರಿಸಿದರೆ ತಟ್ಟೆ ಬರುತ್ತದೆ. ನನ್ನ ಗಂಡ ಬದುಕಿದ್ದಾಗ ಒಂದರಿಂದ ಶುರುಮಾಡಿ ನೇರವಾಗಿ ನಂಬರು ಹೊಡೆಸಿದ್ದರು. ಅವರಿಗೆ ಎಲ್ಲವೂ ಸ್ಟ್ರೇಟ್ ಲೈನ್ ಆಗಬೇಕು; ನಮ್ಮ ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಓರಗಿತ್ತಿಯ ಬಿಲ್ಲೆಗಳ ರೀತಿಯೇ ಬೇರೆ. ಅಲ್ಲಿ ಉಣ್ಣಲು ಬರುವವರು ಹೆಚ್ಚಾಗಿ ನಮ್ಮ ಉತ್ತರ ಕರ್ನಾಟಕದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಗೌಂಡಿಗಳು, ಸೆಂಟ್ರಿಂಗ್‌ನವರು. ಆಕೆ ಬಿಲ್ಲೆಯ ಮೇಲೆ ನಂಬರು ಹಾಕಿ, ಪಕ್ಕದಲ್ಲಿ ಊರಿನ ಅಕ್ಷರ ಹಾಕಿಸುತ್ತಿದ್ದಳು. ಬಿಜಾಪುರದ ಕಡೆಯವರಿಗೆ ಬಿ, ಗುಲ್ಬರ್ಗದವರಿಗೆ ಗು, ಯಾದಗಿರಿಯವರಿಗೆ ಯಾ. ಮೊದಲೆರಡು ಊರುಗಳ ಹೆಸರೂ ಈಗ ಬದಲಾಗಿದೆ, ಬಿಲ್ಲೆ ಬದಲಾಗಿಲ್ಲ. ಪ್ರತಿ ಊರಿಗೂ ಒಂದರಿಂದ ಬೇರೆ ಬೇರೆ ಎಣಿಕೆ. ಹಾಗಾಗಿ ಆಕೆಯ ಹೋಟೆಲಿನಲ್ಲಿ ಏಳನೆಯ ನಂಬರಿನವರು ಮೂರು ಜನ, 7ಬಿ, 7ಗು, 7ಯಾ. ಇದು ಎಂಥ ಕನ್ಫ್ಯೂಶನ್ ಎಂದು ನನ್ನ ಗಂಡ ತಲೆ ಚಚ್ಚಿಕೊಳ್ಳುತ್ತಿದ್ದರು. ಆಕೆ ಒಂದು ದಿನವೂ ಕನ್ಫ್ಯೂಸ್ ಆದವಳಲ್ಲ.

ಆಕೆಯ ಮಂಡಿಯ ಸುದ್ದಿ ಬಂದ ಮೇಲೆ ನನ್ನ ಮಗ ಒಂದು ಪ್ಲಾನ್ ಹಾಕಿದ. ಸಂಭಾಜಿನಗರದ ಹೋಟೆಲಿಗೆ ಒಬ್ಬ ಮ್ಯಾನೇಜರನನ್ನು ಇಡುವುದು, ಎರಡೂ ಕಡೆಯ ತಿಂಗಳೂಟವನ್ನು ಕಂಪ್ಯೂಟರಿನಲ್ಲಿ ಒಂದು ಮಾಡುವುದು, ನಾಸಿಕ್‌ನಲ್ಲಿ ಕೂತೇ ಎರಡನ್ನೂ ನೋಡಿಕೊಳ್ಳುವುದು. ಕೆಲಸದ ಮೇಲೆ ಈ ಊರಿನಿಂದ ಆ ಊರಿಗೆ ಹೋದವರು ಅದೇ ಬಿಲ್ಲೆಯಲ್ಲಿ ಅಲ್ಲೂ ಉಣ್ಣಬಹುದು. ಚಿಕ್ಕಮ್ಮ ಇಲ್ಲಿಗೆ ಬಂದು ಅಮ್ಮನ ಜೊತೆ ಆರಾಮಾಗಿ ಇರಲಿ. ಫೋನಿನಲ್ಲಿ ಅವನು ಇದನ್ನು ಹೇಳಿದಾಗ ಓರಗಿತ್ತಿ, ಫೋನನ್ನು ಅಕ್ಕನಿಗೆ ಕೊಡು ಎಂದಳು. ಆಮೇಲೆ ನನ್ನನ್ನು ಕೇಳಿದಳು.

"ಅಕ್ಕ, ನನ್ನ ಬಿಲ್ಲೆ ಹಿಡಿದುಕೊಂಡು ಬಂದವನನ್ನು ಕೌಂಟರಿನಲ್ಲಿ ನಿಲ್ಲಿಸಿ ನೀನು ಯಾರು ಅಂತ ಯಾರೂ ಕೇಳ್ಬಾರ್ದು. ಅಷ್ಟು ಆಗ್ತದಾ?"

"ಆಗ್ತದೆ. ನಿನ್ನ ಮೊಮ್ಮಗಳೇ ಮಾಡ್ತಾಳೆ."

"ಹಾಗಾದ್ರೆ ಬರ್ತೇನೆ."

ನನಗೆ ಅಂದು ಹರೆಯ ಬಂದಂತಾಯಿತು. ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದೆ. ಹೊಸ ಪರದೆ ಹೊಲಿಸಿದೆ, ಆಕೆಗೆ ಇಷ್ಟವಾದ ನೇರಳೆ ಬಣ್ಣದ್ದು.

ಮೊಮ್ಮಗಳು ಅಂಬಡ್‌ನಲ್ಲಿ ಮೋಟಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದಾಳೆ. ರಜೆಯ ದಿನಗಳಲ್ಲಿ ನಮ್ಮ ಊಟದ ಮೇಜಿನ ಮೇಲೆಯೇ ಈ ಕೆಲಸ ನಡೆಯಿತು. ನಾನು ಬಟಾಣಿ ಬಿಡಿಸುತ್ತಾ ಎದುರಿಗೆ ಕೂರುತ್ತಿದ್ದೆ. ಏನು ಮಾಡುತ್ತಿದ್ದೀ ಎಂದು ಕೇಳಿದರೆ ಆಕೆಗೆ ಬೇಸರವಿಲ್ಲ, ಹೇಳುತ್ತಾಳೆ.

"ಎರಡು ಟೇಬಲ್ ಅಜ್ಜಿ. ಒಂದು ಮೆಂಬರ್ ಟೇಬಲ್, ಯಾರು ಯಾರು ಇದ್ದಾರೆ ಅಂತ. ಇನ್ನೊಂದು ಊಟದ ಟೇಬಲ್, ಯಾರು ಯಾವಾಗ ಊಟ ಮಾಡಿದ್ರು ಅಂತ. ಊಟದ ಟೇಬಲ್‌ನಲ್ಲಿ ಒಂದು ಕಾಲಂ ಇರುತ್ತೆ, ಅದು ಮೆಂಬರ್ ಟೇಬಲ್ ಕಡೆ ಬೆರಳು ತೋರಿಸುತ್ತೆ. ಈ ಊಟ ಇವನದು ಅಂತ. ಫಾರಿನ್ ಕೀ."

"ಒಂದೇ ಮನೆಯ ಎರಡು ಟೇಬಲಿಗೆ ಫಾರಿನ್ ಯಾಕೆ ಬಂತು?"

"ಅಜ್ಜೀ, ಪ್ಲೀಸ್."

ಟೇಬಲುಗಳನ್ನು ಆಕೆ ತಾನೇ ಕೂತು ಗೆರೆ ಎಳೆದು ಮಾಡುವುದಿಲ್ಲವಂತೆ. ಮೆಂಬರ್ ಎಂದರೆ ಹೀಗಿರಬೇಕು, ಊಟ ಎಂದರೆ ಹೀಗಿರಬೇಕು ಎಂದು ತನ್ನ ಪ್ರೋಗ್ರಾಮಿನಲ್ಲಿ ಬರೆದಿಟ್ಟರೆ ಓಆರ್‌ಎಂ ಎಂಬುದೊಂದು ಅದನ್ನು ಓದಿ ಟೇಬಲುಗಳನ್ನು ಹುಟ್ಟಿಸಿ ಕೊಡುತ್ತದೆ. ಅಳತೆ ಬ್ಲೌಸ್ ಕೊಟ್ಟರೆ ಟೈಲರ್ ಹೊಸದನ್ನು ಹೊಲಿದುಕೊಡುವ ಹಾಗೆ ಎಂದೆ. "ಎಗ್ಸ್ಯಾಕ್ಟ್‌ಲೀ!" ಎಂದು ಆಕೆ ಖುಷಿಯಿಂದ ಬಟಾಣಿಯ ಬುಟ್ಟಿಗೆ ಕೈ ಹಾಕಿದಳು.

ಮೊದಲು ನಾಸಿಕ್ ಒಂದಕ್ಕೇ ಮಾಡಿ ನೋಡಿದಳು, ಚೆನ್ನಾಗಿ ನಡೆಯಿತು. ಆಮೇಲೆ ಸಂಭಾಜಿನಗರದ ಬಿಲ್ಲೆಗಳನ್ನು ಸೇರಿಸಿದಳು. ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿದಳು. ಎರಡೂ ಹೋಟೆಲಿನ ಕೌಂಟರಿಗೆ ಒಂದೊಂದು ಟ್ಯಾಬ್ಲೆಟ್ ಬಂತು. ಬಿಲ್ಲೆಯ ನಂಬರು ಒತ್ತಿದರೆ ಹಸಿರು ಬಣ್ಣ, ಎಂದರೆ ತಟ್ಟೆ ಕೊಡಬಹುದು. ಆ ಹೊತ್ತಿನ ಊಟ ಆಗಿದ್ದರೆ ಕೆಂಪು.

ಶುರುವಾದ ದಿನ ಮಧ್ಯಾಹ್ನ ನಾನು ಒಳ್ಳೆಯ ಸೀರೆ ಉಟ್ಟು ನಮ್ಮ ನಾಸಿಕ್ ಹೋಟೆಲಿನ ಕೌಂಟರಿನ ಪಕ್ಕದಲ್ಲಿ ಕೂತಿದ್ದೆ. ಹಸಿರು, ಹಸಿರು, ಹಸಿರು. ಆಮೇಲೆ ಬೆಳಗಾವಿ ಕಡೆಯ ಒಬ್ಬ ಲೇತ್ ಆಪರೇಟರ್ ಏಳನೆಯ ನಂಬರಿನ ಬಿಲ್ಲೆ ಇಟ್ಟ. ಕೆಂಪು.

"ನಿಮ್ಮ ಊಟ ಆಗಿದೆ," ಎಂದ ನಮ್ಮ ಕ್ಯಾಶಿಯರ್.

"ಯಾರ ಉಂಡಾರ್ರಿ ನನ್ನ ಬದಲಿ? ನಾ ಈಗ ಗೇಟ್‌ನಿಂದ ಬರಾಕತ್ತೇನಿ."

"ಸಿಸ್ಟಂ ಹೇಳ್ತಾ ಇದೆ."

"ಹಂಗಾರ ಸಿಸ್ಟಂನ ಹೊಟ್ಟಿ ಮುಟ್ಟಿ ನೋಡ್ರಿ, ತುಂಬೇತೇನು. ನಂದಂತೂ ಖಾಲಿ ಐತಿ."

ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ತಟ್ಟೆ ಕೊಡಿಸಿದೆ, ಪಾಯಸ ಎರಡು ಬಟ್ಟಲು ಹಾಕಿಸಿದೆ. ಕಂಪ್ಯೂಟರಿಗೆ ಮೊದಲ ದಿನದ ಸಂಕೋಚ ಎಂದುಕೊಂಡೆ. ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಓರಗಿತ್ತಿ.

"ಅಕ್ಕ, ಇದೆಂತ ಮಿಷನ್ ಕಳಿಸಿದ್ದು? ನನ್ನ ಜನರನ್ನು ಉಪವಾಸ ಹಾಕ್ಲಿಕ್ಕಾ?"

ಅಲ್ಲಿ ನಡೆದದ್ದು ಹೀಗೆ. ಮೊದಲು 7ಬಿ ಬಂದು ಉಂಡು ಹೋದ. ಹಸಿರೇ ಬಂತು. ಆಮೇಲೆ 7ಗು ಬಂದ, ಕೆಂಪು. ಅವನು ಜೋರಿನವನು, ಜಗಳವಾಡಿ ಕೂತು ಉಂಡ. ಆಮೇಲೆ 7ಯಾ ಬಂದ. ಅವನು ಖುಲ್ತಾಬಾದ್ ರಸ್ತೆಯ ಕಟ್ಟಡದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಗೌಂಡಿ, ಮಾತು ಕಡಿಮೆ. ಅವನ ಊಟ ಆಗಿದೆ ಎಂದು ಹೊಸ ಮ್ಯಾನೇಜರ್ ಎಲ್ಲರೆದುರು ಹೇಳಿದ್ದ.

"ಅವ ಎಂತ ಹೇಳಿದ ಗೊತ್ತುಂಟಾ? ಇರ್ಲಿ ಬಿಡ್ರಿ, ನಾ ಹೊರಗ ಎಲ್ಲ್ಯಾರ ಉಣ್ತೀನಿ, ಅಂದ. ತಟ್ಟೆ ವಾಪಸ್ ಇಟ್ಟ. ಎರಡನೇ ಸಲ ಉಣ್ಲಿಕ್ಕೆ ಬಂದ ಕಳ್ಳನ ಹಾಗೆ ತಲೆ ತಗ್ಗಿಸಿ ಹೊರಟ ಅಕ್ಕ. ನಾನು ಈ ಮಂಡಿಯಲ್ಲಿ ರೋಡಿನ ತನಕ ಓಡಿ ಕರ್ಕೊಂಡು ಬಂದೆ."

"ಮಿಷನ್ ಸರಿ ಮಾಡಿಸ್ತೇನೆ, ಸ್ವಲ್ಪ—"

"ನಾನು ಕೇಳಿದ್ದು ಅದೊಂದೇ. ಅದೇ ಆಗ್ಲಿಲ್ಲ. ನಾನು ಎಲ್ಲಿಗೂ ಬರುವುದಿಲ್ಲ. ನಿನ್ನ ಮ್ಯಾನೇಜರ್ ಊಟ ಮಾಡಿ ಬಸ್ ಹತ್ತಲಿ." ಸ್ವಲ್ಪ ತಡೆದು, "ಅವನಿಗೆ ಬಿಲ್ಲೆ ಕೇಳುವುದಿಲ್ಲ," ಎಂದು ಸೇರಿಸಿ ಫೋನ್ ಇಟ್ಟಳು.

ಸಂಜೆ ಮೊಮ್ಮಗಳು ಬಂದಾಗ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಐ ಚೆಕ್ಡ್ ಎವ್ರಿಥಿಂಗ್, ಅಜ್ಜಿ. ಮಾಝ್ಯಾ ಲ್ಯಾಪ್‌ಟಾಪ್‌ವರ ಚಾಲತಂಯ," ಎಂದಳು. ತನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆಯಂತೆ. ಹಾಗಾದರೆ ಎಲ್ಲರೂ ನಿನ್ನ ಲ್ಯಾಪ್‌ಟಾಪಿನಲ್ಲೇ ಉಣ್ಣಲಿ ಎನ್ನಬೇಕೆನಿಸಿತು. ಹೇಳಲಿಲ್ಲ. ಎರಡು ದಿನ ರಜೆ ಹಾಕು, ಹೋಗೋಣ ಎಂದೆ.

ಆಕೆಯೇ ಕಾರು ಓಡಿಸಿದಳು. ನಿಫಾಡ್ ದಾಟುವಾಗ ಲಾಸಲಗಾಂವ್‌ನ ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು, ಗಾಳಿಯಲ್ಲಿ ಈರುಳ್ಳಿಯ ಸಿಪ್ಪೆ. ಹೊಸ ಹೋಟೆಲ್ ತೆರೆಯಲು ಮೈದುನ ಮತ್ತು ಓರಗಿತ್ತಿ ಹೋದಾಗ ಇದೇ ದಾರಿಯಲ್ಲಿ ಪಾತ್ರೆ ತುಂಬಿದ ಲಾರಿಯ ಹಿಂದೆ ನಾನೂ ಹೋಗಿದ್ದೆ. ಆಗ ರಸ್ತೆ ಸಣ್ಣದು. ಲಾರಿ ಕುಣಿದಾಗಲೆಲ್ಲ ಒಳಗಿನ ಸ್ಟೀಲ್ ಲೋಟಗಳು ಚರ್ಚಿನ ಗಂಟೆಯ ಹಾಗೆ ಕೇಳುತ್ತಿದ್ದವು. ಆಕೆ ನನ್ನ ಕೈ ಹಿಡಿದುಕೊಂಡು, "ಅಲ್ಲಿ ನನಗೆ ಕತೆ ಹೇಳುವವರು ಯಾರು?" ಎಂದಿದ್ದಳು. ನಾನು ಪ್ರತಿ ವಾರ ಬರುತ್ತೇನೆ ಎಂದಿದ್ದೆ. ಪ್ರತಿ ವಾರ ಬರುವುದು ಯಾರಿಗೆ ಆಗುತ್ತದೆ? ಮಕ್ಕಳು, ಹೋಟೆಲು, ಅತ್ತೆಯ ಕಾಯಿಲೆ. ವರ್ಷಕ್ಕೆ ಒಂದೆರಡು ಸಲ ಹೋದರೆ ಹೆಚ್ಚು.

ಓರಗಿತ್ತಿ ನಮ್ಮನ್ನು ನೋಡಿ ಸಿಟ್ಟು ತೋರಿಸಲಿಲ್ಲ. ಮೊಮ್ಮಗಳ ಕೆನ್ನೆ ಸವರಿ, "ಬಾ ಮಗಾ, ಮೊದಲು ತಿಂಡಿ ತಿನ್ನು. ಆಮೇಲೆ ನಿನ್ನ ಮಿಷನ್‌ಗೆ ತಿನ್ನಿಸು," ಎಂದಳು. ಬೆಳಗಿನ ಗಿರಾಕಿಗಳು ಹೋದ ಮೇಲೆ ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆಯಿತು. ಪಕ್ಕದ ಮೇಜಿನಲ್ಲಿ ನಾವಿಬ್ಬರೂ ಬೀನ್ಸ್ ಮುರಿಯುತ್ತಾ ಕೂತೆವು. ಎಷ್ಟೋ ಹೊತ್ತು ಕೀಲಿಮಣೆಯ ಸದ್ದು ಮಾತ್ರ. ಆಮೇಲೆ ಮೊಮ್ಮಗಳು ಹಣೆ ಹಿಡಿದುಕೊಂಡು ಕೂತಳು.

"ಓ ಗಾಡ್. ಸಿಕ್ತು. ಅಜ್ಜಿ, ಚಿಕ್ಕಜ್ಜಿ, ಎವ್ರಿ ಸೆವೆನ್ ಬಿಕೇಮ್ ದಿ ಸೇಮ್ ಸೆವೆನ್."

ಆಕೆ ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಟೇಬಲಿನ ಪ್ರತಿ ಕಾಲಮ್ಮಿಗೂ ಒಂದು ಜಾತಿ ಇರುತ್ತದೆ, ಟೈಪ್ ಎನ್ನುತ್ತಾರೆ. ಕೆಲವು ಕಾಲಮ್ಮಿನಲ್ಲಿ ಅಂಕಿ ಮಾತ್ರ ಕೂರಬಹುದು, ಕೆಲವದರಲ್ಲಿ ಅಕ್ಷರವೂ ಕೂರಬಹುದು. ನಾಸಿಕ್‌ಗೆ ಮಾತ್ರ ಮಾಡಿದಾಗ ಎರಡೂ ಟೇಬಲಿನಲ್ಲಿ ಬಿಲ್ಲೆಯ ನಂಬರು ಅಂಕಿಯ ಕಾಲಮ್ಮಿನಲ್ಲಿತ್ತು. ಸಂಭಾಜಿನಗರದ ಅಕ್ಷರಗಳು ಬಂದಾಗ ಆಕೆ ಪ್ರೋಗ್ರಾಮಿನಲ್ಲಿ ಅದನ್ನು ಅಕ್ಷರದ ಕಾಲಂ ಎಂದು ತಿದ್ದಿದಳು. ಹಳೆಯ ಮೆಂಬರ್ ಟೇಬಲನ್ನು ಅಳಿಸಿ ಓಆರ್‌ಎಂನಿಂದ ಹೊಸದು ಮಾಡಿಸಿದಳು. ಆದರೆ ನಾಸಿಕ್‌ನವರು ಉಂಡ ದಾಖಲೆ ಹೋಗಬಾರದೆಂದು ಊಟದ ಟೇಬಲನ್ನು ಹಾಗೆಯೇ ಉಳಿಸಿದಳು. ಪ್ರೋಗ್ರಾಮನ್ನು ತಿದ್ದಿದ್ದೇನೆ, ಉಳಿದದ್ದನ್ನು ಓಆರ್‌ಎಂ ತಾನಾಗಿ ಸರಿಮಾಡುತ್ತದೆ ಎಂದುಕೊಂಡಳು. ಅದು ಇಲ್ಲದ್ದನ್ನು ಸೇರಿಸುತ್ತದೆ, ಇರುವ ಕಾಲಮ್ಮಿನ ಜಾತಿ ಬದಲಿಸುವುದಿಲ್ಲ. ಅಳತೆ ಬ್ಲೌಸ್ ಬದಲಾಯಿಸಿ ಕಳಿಸಿದರೂ ಟೈಲರ್ ಆಗಲೇ ಹೊಲಿದಿಟ್ಟ ತೋಳನ್ನು ಬಿಚ್ಚಲಿಲ್ಲ.

"ಅಂದ್ರೆ ಮೆಂಬರ್ ಟೇಬಲ್‌ನಲ್ಲಿ ಅಕ್ಷರ, ಊಟದ ಟೇಬಲ್‌ನಲ್ಲಿ ಇನ್ನೂ ಅಂಕಿ. ಎರಡರ ನಡುವೆ ಫಾರಿನ್ ಕೀ ಕಟ್ಟೋಕೆ ಹೋದಾಗ ಡೇಟಾಬೇಸ್, ಈ ಎರಡು ಕಾಲಂ ಹೊಂದೋದಿಲ್ಲ ಅಂತ ರಿಫ್ಯೂಸ್ ಮಾಡಿದೆ."

"ರಿಫ್ಯೂಸ್ ಮಾಡಿದ್ದನ್ನು ನಿನಗೆ ಹೇಳ್ಲಿಲ್ವಾ?" ಎಂದಳು ಓರಗಿತ್ತಿ.

"ಹೇಳಿದೆ. ನೂರಾರು ಸಾಲಿನ ಮಧ್ಯೆ ಒಂದು ವಾರ್ನಿಂಗ್. ಓಆರ್‌ಎಂ ಅದನ್ನ ಬರೆದು ಮುಂದೆ ಹೋಗಿದೆ. ಪ್ರೋಗ್ರಾಂ ಸ್ಟಾರ್ಟ್ ಆಯ್ತು, ನಾನು ನೋಡ್ಲಿಲ್ಲ. ಕೀ ಇಲ್ದೇನೇ ನಡೀತಾ ಇತ್ತು."

ಇನ್ನೂ ಒಂದು ಅಧ್ವಾನವಿತ್ತು. ಈ ಡೇಟಾಬೇಸಿನಲ್ಲಿ ತಪ್ಪನ್ನು ಸಹಿಸಿಕೊಳ್ಳುವ ಒಂದು ಸೆಟ್ಟಿಂಗ್ ಇತ್ತು. ಅಂಕಿಯ ಕಾಲಮ್ಮಿಗೆ 7ಬಿ ಎಂದು ಕೊಟ್ಟರೆ ಇದು ಆಗುವುದಿಲ್ಲ ಎಂದು ಕೂಗಿಕೊಳ್ಳಬೇಕಿತ್ತು. ಅದು ಕೂಗಲಿಲ್ಲ. ಮುಂದಿನ ಏಳನ್ನು ಇಟ್ಟುಕೊಂಡು ಹಿಂದಿನ ಅಕ್ಷರವನ್ನು ಸದ್ದಿಲ್ಲದೆ ಬಿಸಾಕಿತು. ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಎಂದು ತನಗೆ ತೋಚಿದ್ದನ್ನು ಮಾಡುವ ಸೊಸೆಯ ಹಾಗೆ. ನಮ್ಮಿಬ್ಬರಿಗೂ ಆ ಟೈಪ್ ಚೆನ್ನಾಗಿ ಗೊತ್ತು. ಹಾಗೆ ಬಿಜಾಪುರದ ಏಳು, ಗುಲ್ಬರ್ಗದ ಏಳು, ಯಾದಗಿರಿಯ ಏಳು, ನಾಸಿಕ್‌ನ ಏಳು ಎಲ್ಲರೂ ಒಬ್ಬನೇ ಆದರು. ಒಬ್ಬ ಉಂಡ ಕೂಡಲೇ ಉಳಿದವರೆಲ್ಲರ ಹೊಟ್ಟೆ ತುಂಬಿದ ಲೆಕ್ಕ. ಉಳಿದ ನಂಬರುಗಳ ಗತಿಯೂ ಇದೇ, ಏಳನೆಯವರು ಮೊದಲು ಸಿಕ್ಕಿಬಿದ್ದರು ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿದಾಗ ಟೇಬಲುಗಳೆಲ್ಲ ಹೊಚ್ಚ ಹೊಸವು, ಎರಡೂ ಕಾಲಂ ಒಂದೇ ಜಾತಿ. ಅಲ್ಲಿ ತಪ್ಪು ಕಾಣುವ ದಾರಿಯೇ ಇರಲಿಲ್ಲ.

ಮಗನಿಗೆ ಫೋನ್ ಮಾಡಿ ಹೇಳಿದೆವು. ಅವನು ಸ್ಪೀಕರಿನಲ್ಲೇ, "ಅರೆ, ಸಿಂಪಲ್ ಅಲ್ವಾ? ಚಿಕ್ಕಮ್ಮನ ಬಿಲ್ಲೆಗಳ ಅಕ್ಷರ ತೆಗೆದುಬಿಡೋಣ. ಎಲ್ಲರಿಗೂ ಹೊಸ ನಂಬರ್, ನಾಸಿಕ್‌ನ ಕೊನೇ ನಂಬರಿನಿಂದ ಮುಂದಕ್ಕೆ. ಟೇಬಲ್ ಬದಲಿಸೋದೇ ಬೇಡ," ಎಂದ.

ಓರಗಿತ್ತಿ ಬೀನ್ಸ್ ಮುರಿಯುವುದನ್ನು ನಿಲ್ಲಿಸಿದಳು. ಅಕ್ಷರ ಯಾಕೆ ಹಾಕಿದ್ದು ಎಂದು ಇಷ್ಟು ವರ್ಷದಲ್ಲಿ ಯಾರೂ ಆಕೆಯನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದು ಹೇಳಿದಳು.

ಎಲ್ಲರ ಕೈಯಲ್ಲೂ ಮೊಬೈಲ್ ಬರುವ ಮೊದಲು ಇವರೆಲ್ಲರಿಗೂ ಇದ್ದದ್ದು ಈ ಹೋಟೆಲಿನ ಕೌಂಟರಿನ ಫೋನ್ ಒಂದೇ. ಊರಿನಿಂದ ಯಾರೋ ಬೂತಿಗೆ ಹೋಗಿ ಕರೆ ಮಾಡುತ್ತಿದ್ದರು. ಹೆರಿಗೆ ಆಯಿತು, ಅಪ್ಪನಿಗೆ ಹುಷಾರಿಲ್ಲ, ಮನೆ ಗೋಡೆ ಬಿತ್ತು. ಒಂದೇ ಹೆಸರಿನವರು ಎಷ್ಟೋ ಜನ. ಹೆಸರು ಹೇಳಿದರೆ ಯಾರೆಂದು ತಿಳಿಯುತ್ತಿರಲಿಲ್ಲ. ಏಳನೇ ನಂಬರ್ ಯಾದಗಿರಿ ಎಂದರೆ ಸಾಕು. ಅವನು ಕೆಲಸದ ಮೇಲಿದ್ದರೆ ಯಾದಗಿರಿಯವರು ಕೂರುವ ಸಾಲಿಗೆ ಹೋಗಿ ಹೇಳುತ್ತಿದ್ದಳು. ಕೆಟ್ಟ ಸುದ್ದಿಯಾದರೆ ಅವನಿಗೇ ಮೊದಲು ಹೇಳುತ್ತಿರಲಿಲ್ಲ, ಅವನ ಊರಿನ ಹಿರಿಯನಿಗೆ ಹೇಳಿ, ಅವನು ಉಂಡ ಮೇಲೆ ಹೇಳಿಸುತ್ತಿದ್ದಳು.

"ಈಗಲೂ ಯಾರಿಗಾದ್ರೂ ಜ್ವರ ಬಂದ್ರೆ, ಯಾರಾದ್ರೂ ಕಟ್ಟಡದ ಸಾರವೆಯಿಂದ ಬಿದ್ರೆ ನನಗೆ ಬಿಲ್ಲೆ ನೋಡಿದ್ರೆ ಸಾಕು, ಯಾರನ್ನು ಕರೀಬೇಕು ಅಂತ ಗೊತ್ತಾಗ್ತದೆ. ಅಕ್ಷರ ತೆಗೆದ್ರೆ ಎಂತ ಉಳೀತದೆ? ನಂಬರ್ ಜೈಲಿನವರಿಗೂ ಇರ್ತದೆ."

ಮೊಮ್ಮಗಳು, "ಬಾಬಾ, ನಾನು ಆಮೇಲೆ ಕಾಲ್ ಮಾಡ್ತೀನಿ," ಎಂದು ಕಟ್ ಮಾಡಿದಳು. ಆಕೆ ಅಪ್ಪನಿಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದನ್ನು ನಾನು ಮೊದಲು ಕೇಳಿದ್ದು ಅಂದೇ ಇರಬೇಕು.

"ಚಿಕ್ಕಜ್ಜಿ, ಅಕ್ಷರ ಇರಲಿ. ನಾಸಿಕ್ ವಿಲ್ ಚೇಂಜ್. ಅಂಕಿಯನ್ನ ಅಕ್ಷರದ ಕಾಲಂನಲ್ಲಿ ಕೂರಿಸಬಹುದು, ಏನೂ ಕಳೆಯೋದಿಲ್ಲ. ಅಕ್ಷರವನ್ನ ಅಂಕಿಯ ಕಾಲಂನಲ್ಲಿ ಕೂರಿಸೋಕೆ ಆಗೋದಿಲ್ಲ."

ಊಟದ ಟೇಬಲಿನ ಕಾಲಮ್ಮನ್ನು ಆಕೆ ಈ ಸಲ ಓಆರ್‌ಎಂಗೆ ಬಿಡದೆ ತಾನೇ ಕೈಯಿಂದ ಬದಲಿಸಿದಳು. ಮೊದಲ ದಿನ ಕಲಸಿಹೋದ ನಂಬರುಗಳನ್ನೆಲ್ಲ ಅಳಿಸಿದಳು. ಎರಡೂ ಕಾಲಂ ಒಂದೇ ಜಾತಿಯಾದ ಮೇಲೆ ಫಾರಿನ್ ಕೀ ಕಟ್ಟಿದಳು, ಈ ಸಲ ಡೇಟಾಬೇಸ್ ತಕರಾರು ಮಾಡದೆ ಒಪ್ಪಿತು. ಸಹಿಸಿಕೊಳ್ಳುವ ಸೆಟ್ಟಿಂಗನ್ನು ತೆಗೆದಳು, ಇನ್ನು ತಪ್ಪಿದ್ದರೆ ಅದು ಬಾಯಿಬಿಟ್ಟು ಹೇಳಲೇಬೇಕು. ಇನ್ನು ಮುಂದೆ ಓಆರ್‌ಎಂ ಟೇಬಲುಗಳನ್ನು ಹೊಲಿಯುವುದಿಲ್ಲ, ಅಳತೆ ಸರಿಯಿದೆಯೋ ಇಲ್ಲವೋ ನೋಡಿ ಹೇಳುವುದಷ್ಟೇ ಅದರ ಕೆಲಸ, ಎಂದಳು.

ಮರುದಿನ ಮಧ್ಯಾಹ್ನ ಓರಗಿತ್ತಿ ಯಾದಗಿರಿಯ ಆ ಗೌಂಡಿಯನ್ನೇ ಮೊದಲು ಕರೆದಳು. ಮ್ಯಾನೇಜರನೂ ಇದ್ದ, ಬಸ್ ಹತ್ತಿಸುವ ಬೆದರಿಕೆ ಬೆದರಿಕೆಯಾಗಿಯೇ ಉಳಿದಿತ್ತು. ಗೌಂಡಿ ಹಿಂಜರಿಯುತ್ತಾ ಬಂದು ಬಿಲ್ಲೆ ಇಟ್ಟ. ಹಸಿರು. ಅವನು ಟ್ಯಾಬ್ಲೆಟನ್ನೂ ಮೊಮ್ಮಗಳನ್ನೂ ನೋಡಿ, "ಇವತ್ತ ನಾ ಉಂಡಿಲ್ಲ ಅಂತ ಅದಕ್ಕ ಖಾತ್ರಿ ಆತೇನ್ರಿ ತಂಗೆವ್ವಾ?" ಎಂದ. ಮೊಮ್ಮಗಳು, "ಸಾರಿ ಅಣ್ಣಾ, ತಪ್ಪು ನನ್ನದು," ಎಂದಳು. "ಸಾರಿ ಯಾಕ್ರಿ, ಸಾರು ಹಾಕಸ್ರಿ," ಎಂದು ಅವನ ಹಿಂದಿದ್ದ 7ಗು ಕೂಗಿದ. ಅವನಿಗೂ ಹಸಿರು. 7ಬಿಗೂ. ಅದೇ ಹೊತ್ತಿಗೆ ನಾಸಿಕ್‌ನಿಂದ ಕ್ಯಾಶಿಯರ್ ಫೋನ್ ಮಾಡಿ, ನಮ್ಮ ಏಳನೆಯವರು ಊಟಕ್ಕೆ ಕೂತಿದ್ದಾರೆ, ಇವತ್ತೂ ಎರಡು ಬಟ್ಟಲು ಪಾಯಸ ಕೇಳುತ್ತಿದ್ದಾರೆ, ಎಂದ.

ಓರಗಿತ್ತಿ ಕೇಳಿದ್ದು ಆಯಿತು. ಹಾಗಾದರೆ ಆಕೆ ಬರಬೇಕಿತ್ತು, ಮಾತು ಕೊಟ್ಟಿದ್ದಳು. ಗಿರಾಕಿಗಳು ಕರಗಿದ ಮೇಲೆ ನಾನು ಆಕೆಯ ಸೀರೆಗಳನ್ನು ಮಡಿಸಲು ಹೇಲ್ ಮೇರಿ ಹೇಳುತ್ತಾ ಮೇಲೆ ಹತ್ತಿದೆ. ಟ್ರಂಕು ಆಗಲೇ ತೆರೆದಿತ್ತು, ಸೀರೆಗಳು ಅದರೊಳಗಿದ್ದವು. ಆಕೆ ಮಾತು ತಪ್ಪುವವಳಲ್ಲ. ಕಿಟಕಿಯಿಂದ ನೋಡಿದೆ. ಕೆಳಗೆ ಅಂಗಳದ ನಲ್ಲಿಯ ಹತ್ತಿರ ಆಕೆ ಕಂಬಕ್ಕೆ ಒರಗಿ ನಿಂತು ಇಬ್ಬರು ಹುಡುಗರಿಗೆ ಗದರುತ್ತಿದ್ದಳು. ಒಬ್ಬ ತಟ್ಟೆಯಲ್ಲಿ ರೊಟ್ಟಿ ಬಿಟ್ಟಿದ್ದನಂತೆ. "ಹಂಗ ಬಿಟ್ಟರ ನಿಮ್ಮವ್ವಗ ಫೋನ್ ಹಚ್ತೀನಿ ನೋಡ," ಎಂದು ಅವರದೇ ಮಾತಿನಲ್ಲಿ. ಹುಡುಗರು ನಗುತ್ತಾ ಕೈಮುಗಿದರು. ನಾಸಿಕ್‌ನಲ್ಲಿ ನನ್ನ ಕೋಣೆಯಲ್ಲಿ, ನೇರಳೆ ಪರದೆಯ ಹಿಂದೆ, ಆಕೆ ಯಾರಿಗೆ ಗದರುತ್ತಾಳೆ? ನನಗೊಬ್ಬಳಿಗೆ. ಅದು ನನಗೆ ಸಾಕು. ಆಕೆಗೆ ಸಾಕಾಗುವುದಿಲ್ಲ ಎಂಬುದು ಆ ಕಿಟಕಿಯಲ್ಲಿ ನಿಂತಾಗ ನನಗೆ ಗೊತ್ತಾಯಿತು.

ಕೆಳಗಿಳಿದು ಬಂದು ಕೇಳಿದೆ, "ಇಲ್ಲಿ ಕೆಳಗೆ ಅಕ್ಕಿ ಮೂಟೆ ಇಡುವ ಕೋಣೆ ಎಷ್ಟು ದೊಡ್ಡದಿದೆ?"

"ಯಾಕೆ?"

"ಎರಡು ಮಂಚ ಹಿಡೀತದಾ ಅಂತ."

ಆಕೆ ನನ್ನನ್ನೇ ನೋಡಿದಳು. "ನಿನಗೆ ಇಲ್ಲಿ ಆಗ್ಲಿಕ್ಕಿಲ್ಲ ಅಕ್ಕ. ಬೆಳಿಗ್ಗೆಯಿಂದ ಪಾತ್ರೆ ಸದ್ದು. ನೀರು ಗಡಸು. ನಿನಗೆ ಬೇಕಾದ ಇಂಗ್ಲಿಷ್ ಪೇಪರ್ ಬರುವಾಗ ಹತ್ತು ಗಂಟೆ."

"ಪಾತ್ರೆ ಸದ್ದಿನಲ್ಲಿ ಮಲಗಿದವಳೇ ನಾನು. ನೀನು ಕುರ್ಚಿಯಲ್ಲಿ ಕೂತು ಗದರು, ನಿಲ್ಲುವ ಕೆಲಸ ಮ್ಯಾನೇಜರನಿಗೆ ಬಿಡು. ಮೆಟ್ಟಿಲು ಹತ್ತುವ ಕೆಲಸವೇ ಬೇಡ."

"ಮಗ ಎಂತ ಹೇಳ್ತಾನೆ?"

"ಅವನಿಗೆ ಸಿಂಪಲ್ ಅಂತ ಹೇಳ್ತೇನೆ."

ಮಗ ಮೊದಲು ಜೋಕ್ ಎಂದುಕೊಂಡ. ಆಮೇಲೆ ಅರ್ಧ ಗಂಟೆ ವಾದಿಸಿದ, ಸೊಸೆ ಅತ್ತಳು, ಡಾಕ್ಟರು ಯಾರು ನೋಡುತ್ತಾರೆ ಎಂದೆಲ್ಲ ಆಯಿತು. ಮೊಮ್ಮಗಳು ಮಾತ್ರ ನನ್ನ ಬಿಪಿ ಮಾತ್ರೆಯ ಪಟ್ಟಿ ಬರೆದುಕೊಂಡು ಹೊರಟಳು. ಮುಂದಿನ ರಜೆಗೆ ನನ್ನ ಕಾಟನ್ ಸೀರೆಗಳನ್ನೂ ಓದುವ ದೀಪವನ್ನೂ ತಂದುಕೊಟ್ಟಳು. ಪರದೆ ತರಲು ಹೇಳಿರಲಿಲ್ಲ, ಈ ಕೋಣೆಗೆ ಕಿಟಕಿಯೇ ಇಲ್ಲ.

ಈಗ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಾವು ಇಲ್ಲಿ ಅಡ್ಡಾಗುತ್ತೇವೆ. ಗೋಡೆಗೆ ಇನ್ನೂ ಅಕ್ಕಿಯ ವಾಸನೆ ಇದೆ. ಓರಗಿತ್ತಿಗೆ ಫ್ಯಾನ್ ಹಾಕಿದರೆ ಮಂಡಿ ನೋಯುತ್ತದೆ, ನನಗೆ ಫ್ಯಾನ್ ಇಲ್ಲದೆ ಕಣ್ಣು ಮುಚ್ಚುವುದಿಲ್ಲ. ಒಂದರಲ್ಲಿ ಇಡು ಎಂದು ನಾನು, ಆರಿಸು ಎಂದು ಆಕೆ. ಹೊರಗೆ ಮ್ಯಾನೇಜರ್ ಯಾರನ್ನೋ 12ಗು ಎಂದು ಕರೆಯುತ್ತಾನೆ. "ಹಾಗೆ ಕರೀಬೇಡ, ಅವನಿಗೆ ಹೆಸರುಂಟು!" ಎಂದು ಮಲಗಿದಲ್ಲಿಂದಲೇ ಆಕೆ ಕೂಗುತ್ತಾಳೆ. ನಾನು ಆ ಸಮಯ ನೋಡಿ ಎದ್ದು ಫ್ಯಾನ್ ಹಾಕುತ್ತೇನೆ.